ಕೆಲಸ ಒಪ್ಪಿಸಿ, ಮೈಕ್ ಹಿಡಿಯಿರಿ: ಮಂಡ್ಯ–ಮೈಸೂರಿನ ಸಣ್ಣ ಉದ್ಯಮಿಗಳಿಗೆ ಒಂದು ಮಾರ್ಗದರ್ಶಿ

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾದ ಮೇಲೆ ಹಳೇ ರಸ್ತೆ ಬದಿಯ ವ್ಯಾಪಾರ ಏನಾಯಿತು ಅಂತ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಊರೊಳಗೆ ಬರುತ್ತಿದ್ದ ಕಾರುಗಳು ಬೈಪಾಸ್ ಮೇಲೆ ಹಾದುಹೋಗತೊಡಗಿದವು. ಬೆಲ್ಲ, ವಡೆ, ಕಡ್ಲೆಮಿಠಾಯಿ, ಎಳನೀರು ಮಾರುತ್ತಿದ್ದವರ ಬಾಗಿಲಿಗೆ ಗಿರಾಕಿ ತಾನಾಗಿ ಬರುವುದು ಕಡಿಮೆಯಾಯಿತು. ಹಾಗಾದಾಗ ಉಳಿದಿರುವ ದಾರಿ ಒಂದೇ. ಗಿರಾಕಿ ಎಲ್ಲಿದ್ದಾನೋ ಅಲ್ಲಿಗೆ ನಾವೇ ಹೋಗಬೇಕು. ಮೈಸೂರಿನ ಅಪಾರ್ಟ್‌ಮೆಂಟ್ ಸಂತೆಗೆ, ಹೆಬ್ಬಾಳದ ಕಂಪನಿಗಳ ಕ್ಯಾಂಟೀನಿಗೆ, ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನಕ್ಕೆ, ಮಂಡ್ಯದ ವಿ.ಸಿ. ಫಾರ್ಮ್‌ನ ಕೃಷಿ ಮೇಳಕ್ಕೆ. ಹೋಗಿ ನಾಲ್ಕು ಜನರ ಮುಂದೆ ನಿಂತು ನಮ್ಮ ಸರಕಿನ ಬಗ್ಗೆ ಬಾಯಿಬಿಟ್ಟು ಹೇಳಬೇಕು.

ಇದನ್ನು ಯಾರಿಗೆ ಹೇಳಿದರೂ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಹೋಗಬೇಕು ಸರಿ, ನಾನು ಹೋದ್ರೆ ಇಲ್ಲಿ ಯಾರು ನೋಡ್ಕೊತಾರೆ?"

ಇನ್ನೊಂದು ಉತ್ತರ ಬಾಯಿಗೆ ಬರದೆ ಒಳಗೇ ಉಳಿಯುತ್ತದೆ: "ಅಷ್ಟು ಜನರ ಮುಂದೆ ಮಾತಾಡೋಕೆ ನನಗೆ ಬರಲ್ಲ."

ಈ ಎರಡೂ ತೊಡಕನ್ನು ಒಟ್ಟಿಗೇ ಬಿಡಿಸಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಕೆಲಸ ಒಪ್ಪಿಸದ ಮಾಲೀಕನಿಗೆ ಹೊರಗೆ ಹೋಗಿ ಮಾತಾಡಲು ಹೊತ್ತಿಲ್ಲ. ಹೊರಗೆ ಹೋಗಿ ಚೆನ್ನಾಗಿ ಮಾತಾಡಿ ಆರ್ಡರ್ ತಂದರೂ, ಕೆಲಸ ಹಂಚಿಕೊಳ್ಳುವವರಿಲ್ಲದಿದ್ದರೆ ಅದನ್ನು ಪೂರೈಸಲಾಗದೆ ಹೆಸರು ಕೆಡುತ್ತದೆ. ಜೊತೆಗೆ, ಕೆಲಸದವರಿಗೆ ಮೂರು ಮಾತಿನಲ್ಲಿ ಕೆಲಸ ಬಿಡಿಸಿ ಹೇಳಬಲ್ಲವರಿಗೆ ಸಭೆಯಲ್ಲಿ ಮಾತಾಡುವುದು ಅರ್ಧ ಬಂದ ಹಾಗೇ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಒಪ್ಪಿಸುವುದು, ಆಮೇಲೆ ಮೈಕು.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದು ಘಟಕವನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ಮಂಡ್ಯದ ಹತ್ತಿರ ಬೆಲ್ಲದ ಪುಡಿ, ಕಡ್ಲೆಮಿಠಾಯಿ, ಎಳ್ಳುಂಡೆ ಮಾಡುವ ಮನೆ ಉದ್ಯಮ. ಯಜಮಾನಿ ಒಬ್ಬರು, ಕೆಲಸಕ್ಕೆ ಆರು ಹೆಣ್ಣುಮಕ್ಕಳು. ಸಂಕ್ರಾಂತಿ ಹತ್ತಿರ ಬಂದರೆ ಎಳ್ಳು-ಬೆಲ್ಲದ ಪೊಟ್ಟಣಕ್ಕೆ ಬೇಡಿಕೆ. ನಿಮ್ಮದು ಹೊಲಿಗೆ ಅಂಗಡಿ ಆಗಿರಬಹುದು, ಅಗರಬತ್ತಿ ಘಟಕ ಆಗಿರಬಹುದು. ಹೆಜ್ಜೆಗಳು ಬದಲಾಗುವುದಿಲ್ಲ.

ಹೆಜ್ಜೆ 1: ಗಾದೆಯನ್ನು ಪಕ್ಕಕ್ಕಿಡಿ, ಪುಸ್ತಕ ತೆಗೆಯಿರಿ

"ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು." ನಮ್ಮ ಕಡೆಯ ವ್ಯಾಪಾರಸ್ಥರ ತಲೆಯಲ್ಲಿ ಈ ಗಾದೆ ಗಟ್ಟಿಯಾಗಿ ಕೂತಿದೆ. ಒಂದೆರಡು ಎಕರೆ ಗದ್ದೆ, ಒಂದು ಮನೆ, ಎರಡು ಎತ್ತು ಇದ್ದ ಬದುಕಿಗೆ ಅದು ಸರಿಯಾಗಿಯೇ ಇತ್ತು. ದಿನಕ್ಕೆ ನೂರು ಪಾರ್ಸಲ್ ಕಳಿಸಬೇಕೆಂದಿರುವವರಿಗೆ ಅದು ಕಾಲಿಗೆ ಕಟ್ಟಿದ ಕಲ್ಲು. ಆಳು ಮಾಡಿದ್ದು ಹಾಳಾಗುವುದು ಬಹಳ ಸಲ ಹೇಳಿಕೊಡುವುದರಲ್ಲಿ ಆದ ಕೊರತೆಯಿಂದ. ಬೈಗುಳ ಮಾತ್ರ ಆಳಿಗೇ ಬೀಳುತ್ತದೆ.

ಒಂದು ವಾರ ಜೇಬಲ್ಲೊಂದು ಚಿಕ್ಕ ಪುಸ್ತಕ ಇಟ್ಟುಕೊಂಡು, ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ನೀವು ಮಾಡಿದ ಪ್ರತಿಯೊಂದನ್ನೂ ಬರೆಯಿರಿ. ಕಡಲೆಬೀಜ ತೂಗಿಸಿದ್ದು, ಗ್ಯಾಸ್ ಬುಕ್ ಮಾಡಿದ್ದು, "ನನ್ನ ಪಾರ್ಸಲ್ ಎಲ್ಲಿ" ಅಂದವರಿಗೆ ವಾಟ್ಸಾಪಿನಲ್ಲಿ ಉತ್ತರ ಕೊಟ್ಟಿದ್ದು, ಆಲೆಮನೆಗೆ ಹೋಗಿ ಬೆಲ್ಲ ನೋಡಿ ತಂದದ್ದು, ಪಾಕದ ಹದ ನೋಡಿದ್ದು, ಸ್ಟಿಕ್ಕರ್ ಅಂಟಿಸಿದ್ದು. ವಾರದ ಕೊನೆಗೆ ಒಂದೊಂದರ ಮುಂದೆಯೂ ಒಂದು ಪ್ರಶ್ನೆ ಹಾಕಿ: ಇದನ್ನು ನಾನು ಮಾಡದಿದ್ದರೆ ನಿಜಕ್ಕೂ ನಿಲ್ಲುತ್ತದೆಯೇ, ಅಥವಾ ಅಭ್ಯಾಸಕ್ಕೆ ಮಾಡುತ್ತಿದ್ದೇನೆಯೇ?

ಯಜಮಾನರು ಸ್ಟಿಕ್ಕರ್ ಅಂಟಿಸುತ್ತಾ ಕೂತಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಅದು ಕೆಲಸದ ಮೇಲಿನ ಪ್ರೀತಿ, ತಪ್ಪೇನಲ್ಲ. ಆ ಒಂದು ಗಂಟೆಯಲ್ಲಿ ಇಬ್ಬರು ಅಂಗಡಿಯವರ ಹತ್ತಿರ ಮಾತಾಡಿ ಬರಬಹುದಿತ್ತು ಅನ್ನುವುದೂ ಅಷ್ಟೇ ನಿಜ.

ಹೆಜ್ಜೆ 2: ಮೊದಲು ಯಾವ ಕೆಲಸ ಬಿಡಬೇಕು

ದಿನಾ ಮರುಕಳಿಸುವ, ತಪ್ಪಾದರೂ ಹೆಚ್ಚು ನಷ್ಟವಾಗದ ಕೆಲಸ ಮೊದಲು. ನಮ್ಮ ಉದಾಹರಣೆಯಲ್ಲಿ ಅದು ಪ್ಯಾಕಿಂಗ್ ಮತ್ತು ಪಾರ್ಸಲ್. ಎರಡನೆಯದು ವಾಟ್ಸಾಪ್ ಆರ್ಡರ್‌ಗಳಿಗೆ ಉತ್ತರ. ಮೂರನೆಯದು ಕವರು, ಬಾಕ್ಸು, ಟೇಪಿನಂಥ ಸಾಮಾನಿನ ಖರೀದಿ. ಪಾಕದ ಹದ ಅದರ ನಂತರ.

ಬೆಲೆ ನಿಗದಿ, ಸಾಲ ಕೊಡುವ-ತರುವ ತೀರ್ಮಾನ, ಚೆಕ್ಕಿಗೆ ಸಹಿ, ಯಾರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು, ಇವು ಸದ್ಯಕ್ಕೆ ನಿಮ್ಮಲ್ಲೇ ಇರಲಿ. ಎಲ್ಲವನ್ನೂ ಒಂದೇ ದಿನ ಬಿಟ್ಟುಕೊಟ್ಟು ಮೂರನೇ ದಿನ ಎಲ್ಲವನ್ನೂ ಕಿತ್ತುಕೊಂಡರೆ ಕೆಲಸದವರು ಮತ್ತೆ ನಿಮ್ಮ ಮಾತು ನಂಬುವುದಿಲ್ಲ.

ಹೆಜ್ಜೆ 3: ಯಾರಿಗೆ

ಎಲ್ಲರಿಗಿಂತ ವೇಗವಾಗಿ ಕೈ ಓಡುವವರನ್ನೇ ಆರಿಸುವುದು ಸಾಮಾನ್ಯ ರೂಢಿ. ನಾನು ನೋಡುವುದು ಬೇರೆ ಎರಡು ಗುಣ. ಒಂದು, ನೀವು ಇಲ್ಲದಾಗ ಉಳಿದವರು ಯಾರ ಹತ್ತಿರ ಹೋಗಿ ಕೇಳುತ್ತಾರೆ? ಎರಡು, ಏನಾದರೂ ಕೆಟ್ಟರೆ ನಿಮಗೆ ಬಂದು ಹೇಳುವವರು ಯಾರು? ಎರಡನೆಯ ಗುಣ ಅಪರೂಪ. ಮಿಠಾಯಿ ಸೀದರೆ ಚೀಲದ ತಳಕ್ಕೆ ಹಾಕಿ ಮುಚ್ಚುವವರು ಎಷ್ಟೇ ಚುರುಕಾಗಿದ್ದರೂ ಜವಾಬ್ದಾರಿಗೆ ಆಗುವುದಿಲ್ಲ.

ನೆಂಟರ ವಿಷಯ ಇಲ್ಲಿ ಬಂದೇ ಬರುತ್ತದೆ. ಭಾವಮೈದ, ಅತ್ತಿಗೆ, ತಂಗಿ ಮಗ. ಅವರಿಗೆ ಒಪ್ಪಿಸಬಾರದು ಅಂತ ನಾನು ಹೇಳುವುದಿಲ್ಲ. ಒಪ್ಪಿಸುವುದಾದರೆ ಸಂಬಳ, ರಜೆ, ಕೆಲಸದ ಹೊತ್ತು ಬೇರೆಯವರಿಗಿದ್ದಂತೆಯೇ ಇರಲಿ, ಬರವಣಿಗೆಯಲ್ಲೂ ಇರಲಿ. "ನಮ್ಮವನೇ ತಾನೆ" ಅಂತ ಸಡಿಲ ಬಿಟ್ಟ ಲೆಕ್ಕ ಹಬ್ಬದ ದಿನ ಮನೆಯ ಜಗುಲಿಯಲ್ಲಿ ಜಗಳವಾಗುತ್ತದೆ.

ಹೆಜ್ಜೆ 4: ಕೈಯಲ್ಲಿರುವ ಹದವನ್ನು ಕಾಗದಕ್ಕೆ ಇಳಿಸಿ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಸಣ್ಣ ಉದ್ಯಮಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ.

ಆಲೆಮನೆಗೆ ಹೋಗಿ ನೋಡಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು, ಮೇಲೆ ಬಂದ ಮಡ್ಡಿ ತೆಗೆದು, ಪಾಕ ಗಟ್ಟಿಯಾಗುವ ಹೊತ್ತಿಗೆ ಅನುಭವಸ್ಥನೊಬ್ಬ ಒಂದು ತೊಟ್ಟು ತೆಗೆದು ತಣ್ಣೀರಿಗೆ ಬಿಡುತ್ತಾನೆ. ಅದು ಬೆರಳಿಗೆ ಉಂಡೆಯಾಗಿ ಸಿಕ್ಕಿದರೆ ಹದ ಬಂತು. "ಹೆಂಗೆ ಗೊತ್ತಾಯ್ತು?" ಅಂತ ಕೇಳಿದರೆ "ನೋಡಿದ್ರೆ ಗೊತ್ತಾಯ್ತದೆ" ಅನ್ನುತ್ತಾನೆ. ಅವನ ಮಾತು ಸತ್ಯ. ಆದರೆ ಅವನಿಗೆ ಜ್ವರ ಬಂದ ದಿನ ಗಾಣ ನಿಲ್ಲುತ್ತದೆ. ಅದೇ ಪಾಕಕ್ಕೆ ತಾಪಮಾಪಕ ಇಟ್ಟರೆ ಅಚ್ಚಿಗೆ ಹೊಯ್ಯುವ ಹದ ಸುಮಾರು 118ರಿಂದ 120 ಡಿಗ್ರಿ ಸೆಲ್ಸಿಯಸ್ ಹತ್ತಿರ ಸಿಗುತ್ತದೆ. ಹೊಸಬನಿಗೆ "ನೋಡಿದ್ರೆ ಗೊತ್ತಾಯ್ತದೆ" ಅನ್ನುವುದರಿಂದ ಏನೂ ಸಿಗುವುದಿಲ್ಲ. "118 ದಾಟಿದ ಮೇಲೆ ತಣ್ಣೀರಲ್ಲಿ ಬಿಟ್ಟು ನೋಡು, ಉಂಡೆಯಾದರೆ ಇಳಿಸು" ಅಂದರೆ ಅವನಿಗೊಂದು ಹಿಡಿಕೆ ಸಿಗುತ್ತದೆ.

ನಿಮ್ಮ ಮಿಠಾಯಿಗೂ ಹೀಗೆಯೇ ಮಾಡಿ. ಪಾಕದ ತೊಟ್ಟು ನೀರಲ್ಲಿ ಗಟ್ಟಿಯಾಗಿ ಟಕ್ಕೆಂದು ಮುರಿಯುವ ಹದದಲ್ಲಿ ನೀವು ಬೀಜ ಹಾಕುತ್ತೀರಿ. ಆಗ ತಾಪಮಾಪಕ ಎಷ್ಟು ತೋರಿಸುತ್ತದೆ ಅಂತ ನಾಲ್ಕಾರು ಪಾಕದಲ್ಲಿ ನೀವೇ ಅಳೆದು ಬರೆದುಕೊಳ್ಳಿ. ಎಷ್ಟು ಕಿಲೋ ಬೆಲ್ಲಕ್ಕೆ ಎಷ್ಟು ಕಿಲೋ ಬೀಜ, ಎಷ್ಟು ನೀರು, ಎಷ್ಟು ನಿಮಿಷ. ಅಂದಾಜಿನ ಹಿಡಿ, ಬೊಗಸೆ, ಚಿಟಿಕೆಯನ್ನೆಲ್ಲ ತಕ್ಕಡಿಗೆ ಹಾಕಿ ಗ್ರಾಮಿಗೆ ತನ್ನಿ.

ಒಂದು ಕೆಲಸಕ್ಕೆ ಒಂದೇ ಹಾಳೆ, ದೊಡ್ಡ ಅಕ್ಷರ, ಗೋಡೆಗೆ ಅಂಟಿಸುವಂಥದ್ದು. ಓದು ಅಷ್ಟಾಗಿ ಬರದವರಿದ್ದರೆ ನಿಮ್ಮ ಫೋನಿನಲ್ಲಿ ಎರಡು ನಿಮಿಷದ ವಿಡಿಯೋ ಮಾಡಿ ಕೆಲಸದವರ ವಾಟ್ಸಾಪ್ ಗುಂಪಿಗೆ ಹಾಕಿ. ಇನ್ನೊಂದು ಉಪಾಯ ನನಗೆ ಬಹಳ ಇಷ್ಟ: ಎರಡು ಗಾಜಿನ ಜಾಡಿ ಇಡಿ. ಒಂದರಲ್ಲಿ ಸರಿಯಾದ ಮಿಠಾಯಿ, ಇನ್ನೊಂದರಲ್ಲಿ ಗಿರಾಕಿಗೆ ಹೋಗಬಾರದ ಮಿಠಾಯಿ: ಅಂಟಂಟು, ಸೀದದ್ದು, ಅಂಚು ಮುರಿದದ್ದು. "ಚೆನ್ನಾಗಿ ಮಾಡಿ" ಅಂತ ಹತ್ತು ಸಲ ಹೇಳುವ ಬದಲು ಜಾಡಿಯ ಕಡೆ ಕೈ ತೋರಿಸಬಹುದು. ಮಳೆಗಾಲದಲ್ಲಿ ಬೆಲ್ಲ ಬೇಗ ತೇವ ಹೀರಿ ಹಸಿಯಾಗುತ್ತದೆ, ಆಗ ಜಾಡಿಯ ಮಾದರಿಯನ್ನು ಆಗಾಗ ಬದಲಿಸುತ್ತಿರಬೇಕು. ಆ ಬದಲಿಸುವ ಕೆಲಸವನ್ನೂ ಯಾರಿಗಾದರೂ ಹೆಸರು ಹೇಳಿ ಒಪ್ಪಿಸಿ.

ಹೆಜ್ಜೆ 5: ಒಪ್ಪಿಸುವ ಮಾತು

ಕೆಲಸ ಒಪ್ಪಿಸುವಾಗ ನಾಲ್ಕು ವಿಷಯ ಬರಬೇಕು: ಏನು ಆಗಬೇಕು, ಎಷ್ಟು ಹೊತ್ತಿಗೆ, ಎಲ್ಲಿವರೆಗೆ ಅವರೇ ತೀರ್ಮಾನ ಮಾಡಬಹುದು, ಯಾವಾಗ ನಿಮಗೆ ಹೇಳಬೇಕು. ಮೂರನೆಯದನ್ನೇ ನಾವು ಹೇಳುವುದಿಲ್ಲ. ಹೇಳದೇ ಇದ್ದಾಗ ಎರಡರಲ್ಲಿ ಒಂದು ಆಗುತ್ತದೆ, ಹತ್ತು ರೂಪಾಯಿ ಟೇಪಿಗೂ ಫೋನ್ ಬರುತ್ತದೆ, ಇಲ್ಲವೇ ಹತ್ತು ಸಾವಿರದ ಸಾಮಾನು ಕೇಳದೆ ಬಂದು ಬೀಳುತ್ತದೆ.

ಹೀಗೆ ಹೇಳಿ ನೋಡಿ: "ನೋಡಮ್ಮ, ಸೋಮವಾರದಿಂದ ಪ್ಯಾಕಿಂಗ್ ನಿನ್ನ ಜವಾಬ್ದಾರಿ. ಐದಕ್ಕೆ ಪಾರ್ಸಲ್ ಗಾಡಿ ಬತ್ತದೆ, ನಾಲ್ಕೂವರೆ ಒಳಗೆ ಅವತ್ತಿನ ಆರ್ಡರ್ ಎಲ್ಲ ಬಾಗಿಲ ಹತ್ರ ಇರಬೇಕು. ಟೇಪು, ಕವರು, ಬಾಕ್ಸು ಕಮ್ಮಿಯಾದ್ರೆ ನೀನೇ ತರಿಸು, ಒಂದು ಸಾವಿರದ ಒಳಗೆ ನನ್ನ ಕೇಳಬೇಡ. ಯಾರಾದ್ರೂ ವಾಪಸ್ ಕಳಿಸ್ತೀವಿ ಅಂದ್ರೆ ಮಾತ್ರ ನನಗೆ ಫೋನ್ ಮಾಡು."

ಹೇಳಿ ಮುಗಿಸಿ "ಅರ್ಥ ಆಯ್ತಾ?" ಅಂತ ಕೇಳಬೇಡಿ. ಆ ಪ್ರಶ್ನೆಗೆ "ಆಯ್ತು" ಅನ್ನುವುದನ್ನು ಬಿಟ್ಟು ಬೇರೆ ಉತ್ತರ ನಾನು ಕೇಳಿಲ್ಲ. "ನಾಳೆ ಬೆಳಿಗ್ಗೆ ಬಂದ ತಕ್ಷಣ ಮೊದಲು ಏನು ಮಾಡ್ತೀಯ, ಹೇಳು" ಅಂತ ಕೇಳಿ. ಅವರ ಬಾಯಲ್ಲಿ ಬಂದದ್ದು ಕೇಳಿದರೆ ನೀವು ಎಲ್ಲಿ ಅರ್ಧ ಹೇಳಿದ್ದೀರಿ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಉಳಿದ ಕೆಲಸದವರ ಮುಂದೆಯೂ ಇದನ್ನು ಹೇಳಬೇಕು. "ಪ್ಯಾಕಿಂಗ್ ವಿಷಯದಲ್ಲಿ ಇನ್ಮೇಲೆ ಇವರ ಮಾತೇ ನಡೆಯೋದು." ಇದೊಂದು ಸಾಲು ಹೇಳದೆ ಬಿಟ್ಟರೆ ಪಾಪ, ಆ ಹೆಣ್ಣುಮಗಳಿಗೆ ಹೊರೆ ಬರುತ್ತದೆ, ಅಧಿಕಾರ ಬರುವುದಿಲ್ಲ. ಹೊರೆ ಹೆಚ್ಚಿದ ತಿಂಗಳೇ ಸಂಬಳವನ್ನೂ ಹೆಚ್ಚಿಸಿ. "ಆರು ತಿಂಗಳು ನೋಡೋಣ" ಅನ್ನುವ ಲೆಕ್ಕಾಚಾರ ನನಗೆ ನ್ಯಾಯವೆನಿಸುವುದಿಲ್ಲ. ಬೇಕಾದರೆ ಸ್ವಲ್ಪ ಹೆಚ್ಚಿಸಿ, ಆರು ತಿಂಗಳಿಗೆ ಉಳಿದದ್ದು.

ಹೆಜ್ಜೆ 6: ಆಮೇಲೆ ದೂರ ನಿಲ್ಲುವುದು

ದಿನಕ್ಕೆ ಒಂದು ಹೊತ್ತು ಗೊತ್ತುಮಾಡಿಕೊಂಡು ನೋಡಿ. ಸಂಜೆ ಐದೂಕಾಲಿಗೆ ಹತ್ತು ನಿಮಿಷ ಸಾಕು. ಮೊದಲ ಎರಡು ವಾರ ದಿನಾ, ಆಮೇಲೆ ಎರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಮಧ್ಯೆ ಮಧ್ಯೆ ಹೋಗಿ ಬಾಕ್ಸ್ ಬಿಚ್ಚಿ ನೋಡುವುದು, "ಕೊಡು ಇಲ್ಲಿ, ನಾನೇ ಮಾಡ್ತೀನಿ" ಅನ್ನುವುದು, ಇವೆರಡು ಅಭ್ಯಾಸ ಬಿಟ್ಟರೆ ಉಳಿದದ್ದು ತಾನೇ ನಡೆಯುತ್ತದೆ. ಹಳೇ ಗಿರಾಕಿ ನೇರ ನಿಮಗೇ ಫೋನ್ ಮಾಡಿದರೆ "ನಮ್ಮ ಪ್ಯಾಕಿಂಗ್ ಅವರು ಈಗಲೇ ನಿಮಗೆ ಫೋನ್ ಮಾಡ್ತಾರೆ" ಅಂತ ಅವರಿಗೇ ದಾಟಿಸಿ.

ತಪ್ಪು ಆಗೇ ಆಗುತ್ತದೆ. ಆದಾಗ ಮೊದಲು ಗೋಡೆಯ ಹಾಳೆ ನೋಡಿ. ಹಾಳೆಯಲ್ಲಿ ಇಲ್ಲದ್ದು ತಪ್ಪಾಗಿದ್ದರೆ ಹಾಳೆ ತಿದ್ದಿ. ಹಾಳೆಯಲ್ಲಿದ್ದೂ ತಪ್ಪಾಗಿದ್ದರೆ ಪಕ್ಕಕ್ಕೆ ಕರೆದು ಕೇಳಿ. ಎಲ್ಲರ ಮುಂದೆ ಬೈಸಿಕೊಂಡವರು ಮುಂದಿನ ಸಲ ತಪ್ಪನ್ನು ಮುಚ್ಚಿಡುತ್ತಾರೆ, ಅಲ್ಲಿಗೆ ನೀವು ಮೂರನೇ ಹೆಜ್ಜೆಯಲ್ಲಿ ಹುಡುಕಿದ ಗುಣವನ್ನೇ ಕೊಂದ ಹಾಗಾಯಿತು.

ದುಡ್ಡಿನ ವಿಷಯಕ್ಕೆ ಒಂದೇ ನಿಯಮ: ಹಣ ಪಡೆಯುವವರು ಬೇರೆ, ಲೆಕ್ಕ ಬರೆಯುವವರು ಬೇರೆ. ಇದು ಅನುಮಾನಕ್ಕಲ್ಲ, ಇಬ್ಬರಿಗೂ ರಕ್ಷಣೆ. ಕ್ಯೂಆರ್ ಕೋಡ್ ಉದ್ಯಮದ ಚಾಲ್ತಿ ಖಾತೆಯದ್ದಾಗಿರಲಿ, ಯಾರದೇ ಸ್ವಂತ ಫೋನಿನದ್ದಲ್ಲ. ಯುಪಿಐ ಪಿನ್, ಒಟಿಪಿ ಎಷ್ಟೇ ನಂಬಿಕೆಯವರಾದರೂ ಕೊಡಬೇಡಿ. ಬ್ಯಾಂಕುಗಳ ಉದ್ಯಮ ಖಾತೆಯ ನೆಟ್ ಬ್ಯಾಂಕಿಂಗ್‌ನಲ್ಲಿ ಒಬ್ಬರು ಪಾವತಿ ಸಿದ್ಧಮಾಡಿ ಇನ್ನೊಬ್ಬರು ಒಪ್ಪಿಗೆ ಕೊಡುವ ವ್ಯವಸ್ಥೆ ಇರುತ್ತದೆ, ನಿಮ್ಮ ಶಾಖೆಯಲ್ಲಿ ಕೇಳಿ ಮಾಡಿಸಿಕೊಳ್ಳಿ. ಕೆಲಸದವರು 10 ಮಂದಿಗೆ ಮುಟ್ಟಿದರೆ ಇಎಸ್ಐ (ಕಾರ್ಮಿಕರ ವಿಮೆ), 20ಕ್ಕೆ ಮುಟ್ಟಿದರೆ ಪಿಎಫ್ (ಭವಿಷ್ಯ ನಿಧಿ) ಬರುತ್ತದೆ. ಬೆಳೆಯುವ ಮುನ್ನವೇ ನಿಮ್ಮ ಲೆಕ್ಕಿಗರ ಹತ್ತಿರ ಮಾತಾಡಿಟ್ಟುಕೊಳ್ಳಿ.

ಪ್ಯಾಕಿಂಗ್ ಮತ್ತು ಫೋನು ನಿಮ್ಮ ಕೈಬಿಟ್ಟು ಎರಡು ವಾರ ಸುಸೂತ್ರ ನಡೆದರೆ, ವಾರದಲ್ಲಿ ಒಂದು ದಿನ ನಿಮಗೆ ಸಿಕ್ಕಿತು. ಆ ದಿನವನ್ನು ಮತ್ತೆ ಒಳಗಿನ ಕೆಲಸಕ್ಕೆ ಸುರಿಯಬೇಡಿ.

ಹೆಜ್ಜೆ 7: ಮೊದಲ ಸಭೆ ನಿಮ್ಮ ಅಂಗಳದಲ್ಲೇ

ಮಾತಾಡಲು ಹೆದರುವವರಿಗೆ ನಾನು ಹೇಳುವ ಮೊದಲ ಅಭ್ಯಾಸ: ಬೆಳಿಗ್ಗೆ ಕೆಲಸ ಶುರುವಾಗುವ ಮುನ್ನ ಐದು ನಿಮಿಷ ಎಲ್ಲರನ್ನೂ ನಿಲ್ಲಿಸಿಕೊಂಡು ಮಾತಾಡಿ. ಎದ್ದು ನಿಂತೇ. ನಿನ್ನೆ ಎಷ್ಟು ಪಾರ್ಸಲ್ ಹೋಯಿತು, ಯಾವ ಗಿರಾಕಿ ಏನಂದರು, ಇವತ್ತು ಏನಾಗಬೇಕು. ಆರು ಜನರ ಮುಂದೆ ಮುಖ ನೋಡಿ ಮಾತಾಡುವುದು ರೂಢಿಯಾದವರಿಗೆ ಅರವತ್ತು ಜನರ ಮುಂದೆ ನಡುಕ ಕಡಿಮೆ. ಕೆಲಸ ಒಪ್ಪಿಸುವುದಕ್ಕೂ ಇದೇ ಐದು ನಿಮಿಷ ಬೇಕು, ಹಾಗಾಗಿ ಒಂದೇ ಹೊತ್ತಿನಲ್ಲಿ ಎರಡೂ ಕೆಲಸ ಆಗುತ್ತದೆ.

ಅಲ್ಲಿಂದ ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘದ ಸಭೆ, ಅಲ್ಲಿಂದ ರೋಟರಿಯ ಒಂದು ಸಂಜೆ, ಕಾಲೇಜಿನ ಕಾರ್ಯಕ್ರಮ. ದಸರಾ ವೇದಿಕೆಗೆ ನೇರ ಜಿಗಿಯಬೇಕಿಲ್ಲ.

ಹೆಜ್ಜೆ 8: ಒಂದು ನಿಮಿಷದ ಮಾತು ಕಟ್ಟುವುದು

ನಮ್ಮ ಕಡೆಯ ಭಾಷಣ ಹೇಗೆ ಶುರುವಾಗುತ್ತದೆ ಗೊತ್ತಲ್ಲ. "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಮುಂಭಾಗದಲ್ಲಿ ನೆರೆದಿರುವ..." ಎಲ್ಲರ ಹೆಸರು ಮುಗಿಯುವಷ್ಟರಲ್ಲಿ ಜನ ಫೋನ್ ತೆಗೆದಿರುತ್ತಾರೆ. ನಿಮಗೆ ಕೊಟ್ಟಿರುವುದೇ ಎರಡು ನಿಮಿಷ. "ಎಲ್ಲರಿಗೂ ನಮಸ್ಕಾರ" ಸಾಕು, ಅದು ಅಗೌರವವಲ್ಲ. ಜನರ ಹೊತ್ತನ್ನು ಉಳಿಸುವುದೂ ಗೌರವವೇ.

ಕೈಯಲ್ಲಿ ಒಂದು ವಸ್ತು ಹಿಡಿದು ಶುರುಮಾಡಿ. ನಿಮ್ಮ ಕೈಗೂ ಕೆಲಸ ಸಿಗುತ್ತದೆ, ನೋಡುವವರ ಕಣ್ಣಿಗೂ. ನಮ್ಮ ಯಜಮಾನಿ ಹೀಗೆ ಹೇಳಬಹುದು:

"ಎಲ್ಲರಿಗೂ ನಮಸ್ಕಾರ. ಈ ಬೆಲ್ಲ ಯಾಕೆ ಇಷ್ಟು ಕಪ್ಪಗದೆ ಅಂತ ಎಲ್ಲರೂ ಕೇಳ್ತಾರೆ. ಹಳದಿ ಬಣ್ಣ ಬರಲಿ ಅಂತ ಹೈಡ್ರೋಸ್ ಅನ್ನೋ ಕೆಮಿಕಲ್ ಹಾಕಿಸಿಲ್ಲ, ಅದಕ್ಕೆ. ಕಬ್ಬಿನ ಹಾಲು ಕುದಿಯೋವಾಗ ಬರೋ ಮಡ್ಡೀನ ಬೆಂಡೆಯ ಲೋಳೆ ಹಾಕಿ ತೆಗೆಸ್ತೀವಿ, ನಮ್ಮ ಅಜ್ಜಂದಿರು ಮಾಡ್ತಿದ್ದ ಹಾಗೆ. ಅದೇ ಬೆಲ್ಲದಲ್ಲಿ ಸಂಕ್ರಾಂತಿಗೆ ಎಳ್ಳು-ಬೆಲ್ಲ ಮಾಡ್ತೀವಿ. ಕೊಬ್ಬರಿ, ಬೆಲ್ಲ ಎರಡನ್ನೂ ಕೈಯಲ್ಲೇ ಹೆಚ್ಚಿ ಒಣಗಿಸೋದು. ನಿಮ್ಮ ಆಫೀಸಿಗೆ, ಶಾಲೆಗೆ ಪೊಟ್ಟಣ ಬೇಕಿದ್ರೆ ಡಿಸೆಂಬರ್ 20ರ ಒಳಗೆ ಹೇಳಿ. ತಟ್ಟೆ ನಿಮ್ಮ ಹತ್ರ ಬತ್ತಾ ಇದೆ, ಒಂದು ಚೂರು ಬಾಯಿಗೆ ಹಾಕಿ ನೋಡಿ."

ಇದರಲ್ಲಿ ಏನೇನಿದೆ ನೋಡಿ. ಕೇಳುವವರ ಮನಸ್ಸಿನಲ್ಲಿದ್ದ ಪ್ರಶ್ನೆ, ಅದಕ್ಕೆ ನೇರ ಉತ್ತರ, ಮಾಡುವ ಬಗೆ, ಕೊನೆಗೆ ಅವರು ಏನು ಮಾಡಬೇಕು ಅನ್ನುವುದು ತಾರೀಖಿನ ಸಮೇತ. "ನಮ್ಮಲ್ಲಿ ಉತ್ಕೃಷ್ಟ ಗುಣಮಟ್ಟದ ಉತ್ಪನ್ನಗಳು ಲಭ್ಯ" ಅನ್ನುವ ಮಾತು ಒಂದೂ ಇಲ್ಲ. ಭಾಷೆ ಮನೆಯದೇ. ಮೈಕ್ ಮುಂದೆ ನಿಂತ ಕೂಡಲೇ ಪುಸ್ತಕದ ಕನ್ನಡಕ್ಕೆ ತಿರುಗಿ ತೊದಲುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಮಂಡ್ಯದ ಮಾತಿಗೆ ತನ್ನದೇ ಗತ್ತಿದೆ, ಮೈಸೂರಿನ ಸಭೆಯಲ್ಲೂ ಬೆಂಗಳೂರಿನ ಸಭೆಯಲ್ಲೂ ಅದು ಕೇಳುವವರನ್ನು ಹತ್ತಿರ ಎಳೆಯುತ್ತದೆ. ಇಂಗ್ಲಿಷಿನಲ್ಲಿ ಮಾತಾಡಲೇಬೇಕಾದ ಕಡೆ ನಾಲ್ಕು ಸರಳ ವಾಕ್ಯ ಕಲಿತುಕೊಂಡು ಹೋಗಿ, ಉಳಿದದ್ದನ್ನು ಕನ್ನಡದಲ್ಲಿ ಹೇಳಿ.

ಇಡೀ ಮಾತನ್ನು ಬಾಯಿಪಾಠ ಮಾಡಬೇಡಿ, ಒಂದು ಪದ ಜಾರಿದರೆ ಮುಂದಿನದೆಲ್ಲ ಜಾರುತ್ತದೆ. ಮೊದಲ ಎರಡು ವಾಕ್ಯ, ಕೊನೆಯ ಒಂದು ವಾಕ್ಯ ಮಾತ್ರ ಬಾಯಿಗೆ ಬರಲಿ. ನಡುವಿನದು ದಿನಾ ನೀವು ಮಾಡುವ ಕೆಲಸ, ಅದು ಮರೆಯುವುದಿಲ್ಲ.

ಹೆಜ್ಜೆ 9: ನಡುಕ, ದನಿ, ಮೈಕು

ಎದೆ ಹೊಡೆದುಕೊಳ್ಳುವುದು, ಬಾಯಿ ಒಣಗುವುದು ದೌರ್ಬಲ್ಯದ ಗುರುತಲ್ಲ. ಮುಖ್ಯವಾದದ್ದು ಎದುರಿಗಿದೆ ಅಂತ ದೇಹ ಅಡ್ರಿನಲಿನ್ ಬಿಡುತ್ತದೆ, ಮಾತು ಹಳಿ ಹಿಡಿದ ಮೇಲೆ ಅದು ಇಳಿಯುತ್ತದೆ. ನಿಮ್ಮ ಸರದಿಗೆ ಮುಂಚೆ ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ನಾಲ್ಕೈದು ಸಲ. ಬೆಚ್ಚಗಿನ ನೀರು ಕುಡಿಯಿರಿ.

ಸಭೆಗೆ ಅರ್ಧ ಗಂಟೆ ಮುಂಚೆ ಹೋಗಿ ಖಾಲಿ ವೇದಿಕೆ ಹತ್ತಿ ನಿಂತು ನೋಡಿ. ಮೈಕ್ ಆನ್ ಮಾಡಿಸಿ ಒಂದು ವಾಕ್ಯ ಮಾತಾಡಿ. ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ, ಗದ್ದದ ಮಟ್ಟಕ್ಕೆ ಹಿಡಿಯಿರಿ. ಊದಬೇಡಿ, ತಟ್ಟಬೇಡಿ.

ದನಿಯ ಪಾಠಕ್ಕೆ ಮೈಸೂರಿನವರು ಬೇರೆಲ್ಲೂ ಹೋಗಬೇಕಿಲ್ಲ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಶುರುವಾದ ನಾಟಕ ಸಂಸ್ಥೆ ರಂಗಾಯಣ ಇದೆ. ಅಲ್ಲಿನ ಭೂಮಿಗೀತ ರಂಗಮಂದಿರದಲ್ಲೋ ವನರಂಗದಲ್ಲೋ ಒಂದು ನಾಟಕಕ್ಕೆ ಹಿಂದಿನ ಸಾಲಿನಲ್ಲಿ ಕೂತು, ಕಥೆ ಬಿಟ್ಟು ದನಿಯನ್ನೇ ಗಮನಿಸಿ. ಕಿರುಚದೆಯೇ ಕೊನೆಯ ಸಾಲಿಗೆ ಮಾತು ಹೇಗೆ ತಲುಪುತ್ತದೆ, ವಾಕ್ಯದ ಕೊನೆಯ ಪದವನ್ನು ನಟರು ಹೇಗೆ ನುಂಗದೆ ಬಿಡುತ್ತಾರೆ. ನಾವು ಬಹುತೇಕರು ಕೊನೆಯ ಪದವನ್ನು ನುಂಗುತ್ತೇವೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೇ, ಅದು ಕೇಳಿಸದಿದ್ದರೆ ವಾಕ್ಯವೇ ಕೇಳಿಸಲಿಲ್ಲ.

ಅಭ್ಯಾಸಕ್ಕೆ ಫೋನಿನ ರೆಕಾರ್ಡರ್ ಸಾಕು. ಇನ್ನೂ ಚೆನ್ನಾದದ್ದು ನಾಲ್ಕೈದು ವ್ಯಾಪಾರಸ್ಥರು ಸೇರಿ ಮಾಡುವುದು. ಅಮೆರಿಕದಲ್ಲಿ 1924ರಲ್ಲಿ ಶುರುವಾದ, ಭಾಷಣ ಅಭ್ಯಾಸ ಮಾಡುವ ಟೋಸ್ಟ್‌ಮಾಸ್ಟರ್ಸ್ ಕೂಟಗಳು ಈಗ ಮೈಸೂರಿನಲ್ಲೂ ಇವೆ. ಅವರ ಪದ್ಧತಿಯನ್ನು ನಮ್ಮ ಸಂಘಗಳು ಕನ್ನಡದಲ್ಲೇ ಅಳವಡಿಸಿಕೊಳ್ಳಬಹುದು. ಒಬ್ಬರು ಗಡಿಯಾರ ಹಿಡಿಯುತ್ತಾರೆ. ಒಬ್ಬರು, ಮಾತಾಡುವವರು ಎಷ್ಟು ಸಲ "ಆ...", "ಅಂದ್ರೆ", "ಏನಪ್ಪಾ ಅಂದ್ರೆ" ಅಂದರು ಅಂತ ಎಣಿಸುತ್ತಾರೆ. ಮೊದಲೇ ಗೊತ್ತಿಲ್ಲದ ವಿಷಯ ಕೊಟ್ಟು ಒಂದೆರಡು ನಿಮಿಷ ಮಾತಾಡಿಸುತ್ತಾರೆ, ತಯಾರಿ ಮಾಡಿದ ಮಾತಿಗೆ ಸಾಮಾನ್ಯವಾಗಿ ಐದರಿಂದ ಏಳು ನಿಮಿಷ. ಕೊನೆಗೆ ಒಬ್ಬರು ಯಾವುದು ಚೆನ್ನಾಗಿತ್ತು, ಯಾವುದನ್ನು ತಿದ್ದಬಹುದು ಅಂತ ಹೇಳುತ್ತಾರೆ. ತಿಂಗಳಿಗೆರಡು ಸಲ ಯಾರದಾದರೂ ಅಂಗಡಿಯ ಮಹಡಿಯಲ್ಲಿ ಇದನ್ನು ಮಾಡಲು ಖರ್ಚು ಕಾಫಿಯದ್ದು ಮಾತ್ರ.

ಹೆಜ್ಜೆ 10: ಪ್ರಶ್ನೆಗಳು, ಮತ್ತು ಬ್ಯಾಂಕಿನ ಮೇಜು

ಮೊದಲ ಪ್ರಶ್ನೆ ಯಾವಾಗಲೂ ಬೆಲೆಯದ್ದು. "ಅಂಗಡೀಲಿ ಇದಕ್ಕಿಂತ ಕಮ್ಮಿಗೆ ಸಿಗುತ್ತಲ್ಲ?" ಮುಖ ಸಣ್ಣಗೆ ಮಾಡಿಕೊಳ್ಳಬೇಡಿ, ಅಂಗಡಿಯವನನ್ನು ಹಳಿಯಲೂ ಬೇಡಿ. "ಸಿಗುತ್ತೆ. ನಮ್ಮದರಲ್ಲಿ ಏನು ಹೆಚ್ಚಿದೆ ಅಂದ್ರೆ..." ಅಂತ ಎರಡು ವಾಕ್ಯದಲ್ಲಿ ಹೇಳಿ ನಿಲ್ಲಿಸಿ. ಪೊಟ್ಟಣದ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆಯನ್ನು ತೋರಿಸಿ. ಉತ್ತರ ಗೊತ್ತಿಲ್ಲದಿದ್ದರೆ "ನಿಮ್ಮ ನಂಬರ್ ಕೊಡಿ, ನಾಳೆ ಹೇಳ್ತೀನಿ" ಅನ್ನಿ, ಮರುದಿನ ಮರೆಯದೆ ಹೇಳಿ.

ಬ್ಯಾಂಕ್ ಮ್ಯಾನೇಜರ ಮುಂದೆ ಕೂತು ಮಾತಾಡುವುದೂ ಸಾರ್ವಜನಿಕ ಮಾತೇ. ಅಲ್ಲಿ ಬೆಂಡೆ ಲೋಳೆಯ ಕಥೆ ಬೇಡ, ಅಂಕಿ ಬೇಕು: ತಿಂಗಳಿಗೆ ಎಷ್ಟು ಮಾರಾಟ, ಯಾವ ಯಂತ್ರಕ್ಕೆ ಎಷ್ಟು, ಅದು ಬಂದರೆ ಎಷ್ಟು ಹೆಚ್ಚು ತಯಾರಾಗುತ್ತದೆ, ಕಂತು ಯಾವುದರಿಂದ ಕಟ್ಟುತ್ತೀರಿ. ಆಹಾರ ಸಂಸ್ಕರಣೆಯವರಿಗೆ 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲಕ್ಕೆ ಜೋಡಿಸಿದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇಡಲಾಗಿತ್ತು. ಈಗಿನ ನಿಯಮವನ್ನು ಕೃಷಿ ಇಲಾಖೆಯಲ್ಲಿ ಕೇಳಿಕೊಂಡೇ ಹೋಗಿ. ಸಣ್ಣ ಉದ್ಯಮಗಳ 'ಉದ್ಯಮ್' ನೋಂದಣಿ ಸರ್ಕಾರಿ ಜಾಲತಾಣದಲ್ಲಿ ಉಚಿತ, ಅದಕ್ಕೆ ದುಡ್ಡು ಕೇಳುವವರಿಂದ ದೂರವಿರಿ. "ನೀವು ಇಲ್ಲದ ದಿನ ಘಟಕ ಯಾರು ನಡೆಸ್ತಾರೆ?" ಅಂತ ಅನುಭವಿ ಮ್ಯಾನೇಜರು ಕೇಳಬಹುದು. ಗೋಡೆಯ ಹಾಳೆಗಳ ಫೋಟೋ ತೋರಿಸಲು ಅದೇ ಸರಿಯಾದ ಹೊತ್ತು.

ಹೆಜ್ಜೆ 11: ವೇದಿಕೆಯ ಮಾತನ್ನು ಪ್ಯಾಕಿಂಗ್ ಮೇಜಿಗೆ ಕೇಳಿ

ಮಾತು ಚೆನ್ನಾಗಿ ಬಂದ ದಿನ ಒಂದು ಅಪಾಯ ಇದೆ. ಚಪ್ಪಾಳೆಯ ಬಿಸಿಯಲ್ಲಿ ಯಾರೋ "ಸಂಕ್ರಾಂತಿಗೆ ಎರಡು ಸಾವಿರ ಪೊಟ್ಟಣ ಆಗುತ್ತಾ?" ಅನ್ನುತ್ತಾರೆ, ಬಾಯಿ ತಾನಾಗಿ "ಆಗುತ್ತೆ" ಅಂದುಬಿಡುತ್ತದೆ. ಹಾಗಾಗಿ ಹೊರಡುವ ಮುನ್ನವೇ ಜವಾಬ್ದಾರಿ ಹೊತ್ತವರನ್ನು ಕೂರಿಸಿಕೊಂಡು ಕೇಳಿ: ದಿನಕ್ಕೆ ಎಷ್ಟು ಪೊಟ್ಟಣ ಆಗುತ್ತದೆ, ಕೊಬ್ಬರಿ ಹೆಚ್ಚಲು ಇನ್ನೆಷ್ಟು ಕೈ ಬೇಕು, ಯಾವ ತಾರೀಖಿನ ಮೇಲೆ ಆರ್ಡರ್ ತೆಗೆದುಕೊಳ್ಳಬಾರದು. ಅವರು ಹೇಳಿದ ಅಂಕಿಯನ್ನು ಚೀಟಿಯಲ್ಲಿ ಬರೆದು ಜೇಬಲ್ಲಿಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚಿಗೆ ಕೇಳಿದವರಿಗೆ "ನಮ್ಮ ಪ್ಯಾಕಿಂಗ್ ಜವಾಬ್ದಾರಿಯವರನ್ನು ಕೇಳಿ ಸಂಜೆ ಹೇಳ್ತೀನಿ" ಅನ್ನಿ. ಕೇಳುವವರ ಕಣ್ಣಲ್ಲಿ ಇದರಿಂದ ನೀವು ಸಣ್ಣವರಾಗುವುದಿಲ್ಲ. ನಿಮ್ಮ ಹಿಂದೆ ವ್ಯವಸ್ಥೆ ಇದೆ ಅಂತ ಅವರಿಗೆ ತಿಳಿಯುತ್ತದೆ.

ಇದು ಒಂದು ಹಂಗಾಮು ನಡೆದ ಮೇಲೆ ಮಾತಾಡುವ ಕೆಲಸವನ್ನೂ ಒಪ್ಪಿಸಲು ಶುರುಮಾಡಿ. ಮುಂದಿನ ಮಳಿಗೆಗೆ ಪ್ಯಾಕಿಂಗ್ ನೋಡಿಕೊಳ್ಳುವವರನ್ನು ಕರೆದುಕೊಂಡು ಹೋಗಿ, ಮಿಠಾಯಿ ಮಾಡುವ ಬಗೆಯನ್ನು ಅವರ ಬಾಯಲ್ಲೇ ಹೇಳಿಸಿ. ಕೊಬ್ಬರಿ ಹೆಚ್ಚಿ ಹೆಚ್ಚಿ ಕೈ ಒರಟಾದವರು ಅದನ್ನು ಹೇಳಿದಾಗ ಕೊಳ್ಳುವವರು ನಿಂತು ಕೇಳುತ್ತಾರೆ. ಹಿಂದಿನ ದಿನ ಬೆಳಗಿನ ಐದು ನಿಮಿಷವನ್ನು ಅವರಿಗೇ ಬಿಟ್ಟುಕೊಟ್ಟು ಅಭ್ಯಾಸ ಮಾಡಿಸಿ, ಮೊದಲ ಎರಡು ವಾಕ್ಯ ಬಾಯಿಗೆ ಬಂದಿದೆಯೇ ನೋಡಿ. ಮಳಿಗೆಯ ದಿನದ ಕೂಲಿ, ಬಸ್ ಚಾರ್ಜು, ಊಟದ ದುಡ್ಡು ಮೊದಲೇ ಕೈಗೆ ಕೊಡಿ. ಅವರು ಮಾತಾಡುವಾಗ ಮಧ್ಯೆ ಬಾಯಿ ಹಾಕಿ ತಿದ್ದಬೇಡಿ, ತಿದ್ದುವುದೇನಿದ್ದರೂ ಸಂಜೆ ವಾಪಸ್ ಬರುವ ದಾರಿಯಲ್ಲಿ ಹೇಳಬಹುದು.